ಬಾಗಿಲಿಲ್ಲದ ತೋಟದಲ್ಲಿ ಮಾವನಿಗೆ ಊಟ

ಸೀತಾಂಗೋಳಿಯಿಂದ ಒಳಗೆ ನಮಗೊಂದು ಗೇರುತೋಟ ಉಂಟು ಎಂದರೆ ಜನ ಗೇರುಬೀಜದ ಬೆಳೆ ಹೇಗೆ ಅಂತ ಕೇಳುತ್ತಿರಲಿಲ್ಲ. "ಅದೇ, ಕುಲೆ ಇರುವ ತೋಟವಾ?" ಅಂತಲೇ ಕೇಳುತ್ತಿದ್ದದ್ದು. ತುಳುವಿನಲ್ಲಿ ಕುಲೆ ಅಂದರೆ ತೀರಿಹೋದವರ ಜೀವ. ನಮ್ಮ ತೋಟದ ಕುಲೆ ಬೇರೆ ಯಾರೂ ಅಲ್ಲ, ನನ್ನ ದೊಡ್ಡಮಾವ, ಅಮ್ಮನ ಸ್ವಂತ ಅಣ್ಣ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವುದು ನಮ್ಮ ಕಡೆಯ ಪದ್ಧತಿ. ಹಾಗೆ ಕೊರೆಯುವಾಗ ಒಂದು ದಿನ ಮಣ್ಣು ಕುಸಿದು ಮಾವ ಒಳಗೇ ಹೋಗಿಬಿಟ್ಟರು, ಮಧ್ಯಾಹ್ನದ ಗಂಜಿ ಕುಡಿಯುವ ಮೊದಲೇ. ಹೆಣ ತೆಗೆದು ಸುಟ್ಟದ್ದೂ ಆಯಿತು. ಆದರೂ ಸಂಜೆ ಹೊತ್ತು ಸುರಂಗದ ಬಾಯಲ್ಲಿ ಯಾರೋ ಕೆಮ್ಮುತ್ತಾರೆ ಎಂದು ಸುದ್ದಿ ಹಬ್ಬಿತು. ಅಣ್ಣ ಹಸಿದುಕೊಂಡೇ ಇದ್ದಾನೆ ಎಂದು ಅಮ್ಮ ನಂಬಿದಳು. ಆಮೇಲೆ ಅವಳು ಆ ದಿಕ್ಕಿಗೆ ತಲೆ ಹಾಕಿ ಕೂಡ ಮಲಗಲಿಲ್ಲ.

ನನ್ನ ಗಂಡ ಆಗ ದುಬಾಯಿಯಲ್ಲಿ. ನಾನು ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿ. ತೋಟದಲ್ಲೇ ಮನೆ ಕಟ್ಟುವ ಎಂದು ನಾವಿಬ್ಬರೂ ಫೋನಿನಲ್ಲೇ ನಿಶ್ಚಯ ಮಾಡಿ, ಅಡಿಗೆಕೋಣೆಯ ಕಿಟಕಿ ಯಾವ ದಿಕ್ಕಿಗೆ ಎಂಬ ಜಗಳವನ್ನೂ ಮುಗಿಸಿದ್ದೆವು. ಕೂಸು ಹುಟ್ಟುವ ಮೊದಲೇ ಕುಲಾವಿ. ನೀರೆಲ್ಲಿ? ಬೋರ್ ಹಾಕಿಸಿದರೆ ಬಂದದ್ದು ಬರೀ ಧೂಳು. ಉಳಿದದ್ದು ಮಾವನ ಅರೆಬರೆ ಸುರಂಗ ಒಂದೇ. ಸುರಂಗದ ಕೆಲಸ ಗೊತ್ತಿರುವವರೊಬ್ಬರನ್ನು ಕರೆದುಕೊಂಡು ಹೋದೆ. ಅವರು ಬಾಯಲ್ಲಿ ನಿಂತು ನೋಡಿದರು, ಚಪ್ಪಲಿ ಕೂಡ ಬಿಚ್ಚಲಿಲ್ಲ. "ಒಳಗೆ ಯಜಮಾನರು ಇದ್ದಾರೆ. ಅವರ ಒಡಹುಟ್ಟಿದವರು ಬಂದು ಒಂದು ರಾತ್ರಿ ಇಲ್ಲಿ ಉಳಿದು, ಬಡಿಸಿ, ಒಪ್ಪಿಗೆ ಕೇಳಲಿ. ಆಮೇಲೆ ನಾನು ಇಳಿಯುತ್ತೇನೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಎಂತ ಹೇಳುವುದು, ಕುಸಿದ ಮಣ್ಣಿನೊಳಗೆ ತೂರಬೇಕಾದ ಜೀವ ಅವರದ್ದು, ನನ್ನದಲ್ಲ.

ಒಡಹುಟ್ಟಿದವರೆಂದು ಉಳಿದವಳು ಅಮ್ಮ ಒಬ್ಬಳೇ. "ಬೇಕಾದರೆ ನೀನು ಮನೆ ಕಟ್ಟಿಕೋ, ನನ್ನನ್ನು ಮಾತ್ರ ಅಲ್ಲಿಗೆ ಕರೆಯಬೇಡ" ಎಂದು ಮೊದಲೇ ಹೇಳಿದವಳು. ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದಳು. ಒಂದು ಬೆಳಿಗ್ಗೆ ತಾನಾಗಿಯೇ "ಕುಚ್ಚಲಕ್ಕಿ ಉಂಟಲ್ಲ? ಹೋಗುವ" ಎಂದಳು. ಯಾಕೆ ಮನಸ್ಸು ಬದಲಾಯಿತೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಮತ್ತೆ ಬದಲಾಯಿಸುತ್ತಿದ್ದಳು.

ತೋಟದ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸನ್ನು ನಾವು ಉಮ್ಮ ಎಂದೇ ಕರೆಯುವುದು. ತೀರಿಹೋದ ಅವರ ಗಂಡ ಮಾವನ ದೋಸ್ತಿ. ಎರಡು ಗೇರುಮರಗಳ ನಡುವೆ ಟರ್ಪಾಲು ಕಟ್ಟಲು ನಾನು ಪಡುತ್ತಿದ್ದ ಪಾಡು ನೋಡಿ ಉಮ್ಮ ಚಾಪೆ, ಟಾರ್ಚು, ಒಂದು ಬುತ್ತಿ ಹಿಡಿದುಕೊಂಡು ಬಂದೇಬಿಟ್ಟರು. "ನೀವಿಬ್ಬರು ಕಾಡಲ್ಲಿ ಮಲಗುವುದು, ನಾನು ಫ್ಯಾನ್ ಹಾಕಿ ಮಲಗುವುದು, ಸರಿಯಾ ಮಾರಾಯ್ತಿ?" ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಮೂರು ಕಲ್ಲಿಟ್ಟು ಗಂಜಿ ಬೇಯಿಸಿದೆ. ಸತ್ತವರಿಗೆ ಅಲ್ಲವಾ ಎಂದು ಭಾರಿ ಮಡಿಯಲ್ಲಿ ಸೌತೆಕಾಯಿ ಪಲ್ಯ ಮಾಡಿದ್ದೆ. ಅಮ್ಮ ಮುಚ್ಚಳ ತೆಗೆದು ನೋಡಿ, "ಇದು ಯಾರಿಗೆ? ಭಟ್ಟರು ಬರ್ತಾರಾ?" ಎಂದಳು. ಒಣಮೀನಿನ ಚಟ್ನಿ ಇಲ್ಲದೆ ಮಾವ ಗಂಜಿ ಮುಟ್ಟುವವರೇ ಅಲ್ಲವಂತೆ. ಆ ಹೊತ್ತಿಗೆ ಗುಡ್ಡದಲ್ಲಿ ಒಣಮೀನು ಎಲ್ಲಿಂದ ತರುವುದು? ಉಮ್ಮ ತಮ್ಮ ಬುತ್ತಿ ಬಿಚ್ಚಿದರು. ಅದರಲ್ಲಿದ್ದದ್ದು ಅದೇ. "ನನ್ನ ಗಂಡನೂ ಅವರೂ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದದ್ದು. ನನಗೆ ಗೊತ್ತಿಲ್ಲವಾ?" ಎಂದರು.

ಆಮೇಲೆ ಇನ್ನೊಂದು ಪೀಕಲಾಟ. ಕುಲೆಗೆ ಬಡಿಸಿದ ಮೇಲೆ ಬಾಗಿಲು ಎಳೆದು ಹೊರಗೆ ನಿಲ್ಲಬೇಕು. ಅವರು ಉಣ್ಣುವುದನ್ನು ನೋಡಬಾರದು. ತೋಟಕ್ಕೆ ಎಲ್ಲಿಯ ಬಾಗಿಲು? ಅಮ್ಮ ಪಟ್ಟು ಬಿಡಲಿಲ್ಲ. ಕೊನೆಗೆ ಬಡಿಸಿದ ಎಲೆಯನ್ನು ಸುರಂಗದ ಒಳಗಿಟ್ಟು ಅಮ್ಮ ಒಪ್ಪಿಗೆ ಕೇಳಿದಳು. ಬಾಯಿಗೆ ಅಡ್ಡ ನನ್ನ ಹೊಸ ಬೆಡ್‌ಶೀಟನ್ನೇ ಹಿಡಿದೆವು. ಒಂದು ತುದಿ ನಾನು, ಇನ್ನೊಂದು ತುದಿ ಉಮ್ಮ. ಉಮ್ಮ ತಲೆಗೆ ಬಟ್ಟೆ ಎಳೆದುಕೊಂಡು ತಮ್ಮ ಪ್ರಾರ್ಥನೆ ಹೇಳುತ್ತಿದ್ದರು. ಆಗ ಒಳಗಿಂದ ಕೆಮ್ಮಿದ ಹಾಗೆ ಕೇಳಿಸಿತು. ಅದು ಎಂತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೆಡ್‌ಶೀಟು ಬಿಟ್ಟು ಓಡುವವಳೇ ಇದ್ದೆ. ಉಮ್ಮನ ಕೈ ಅಲುಗಲಿಲ್ಲ, ಹಾಗಾಗಿ ನಾನೂ ನಿಂತೆ. ಅಮ್ಮ ಬಟ್ಟೆಯ ಹತ್ತಿರ ಬಾಗಿ, "ನಿಧಾನ ಅಣ್ಣ, ನೆತ್ತಿಗೆ ಹತ್ತುತ್ತದೆ" ಎಂದಳು.

ಅದನ್ನು ಕೇಳಿದ ಮೇಲೆ ನನಗೆ ಹೆದರಿಕೆ ಆಗಲಿಲ್ಲ. ಅಳು ಬಂತು, ಅಷ್ಟೇ.

ಉಳಿದ ಗಂಜಿಯನ್ನು ನಾವು ಮೂವರೂ ಉಂಡೆವು. "ಈ ಕುಲೆಯ ಕಥೆ ಇಲ್ಲದಿದ್ದರೆ ನಮ್ಮ ಮನೆ ಯಾವಾಗಲೋ ಆಗುತ್ತಿತ್ತು" ಎಂದೆ ನಾನು. ಉಮ್ಮ ನಕ್ಕರು. "ಮನೆಯಾ? ಬೆಳಕಾದ ಮೇಲೆ ಸುತ್ತ ನೋಡು. ಎಲ್ಲರ ಗುಡ್ಡವೂ ಕೆಂಪುಕಲ್ಲು ಕೊಯ್ಯುವವರ ಪಾಲಾಯಿತು. ನಿಮ್ಮದಕ್ಕೂ ಮಿಷಿನ್ ಬಂದಿತ್ತು, ನಿಮ್ಮಲ್ಲಿ ಕೇಳದೆಯೇ. ಕುಲೆ ಉಂಟೆಂದು ಗೊತ್ತಾಗಿ ಕೆಲಸದವರು ಇಳಿಯಲಿಲ್ಲ. ಆ ಕೆಮ್ಮಿನ ಸುದ್ದಿಗೆ ನನ್ನ ಗಂಡ ಇದ್ದಷ್ಟು ಕಾಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ದೋಸ್ತಿಯ ಜಾಗ ಅಲ್ಲವಾ?" ಅಮ್ಮ ಉಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಚಾಪೆಯಲ್ಲಿ ಬಿದ್ದವಳು ಬೆಳಗಿನವರೆಗೆ ಗೊರಕೆ. ಇರುವೆ ಕಚ್ಚಿಸಿಕೊಂಡು ಎದ್ದು ಕೂತದ್ದು ನಾನೊಬ್ಬಳೇ.

ಬೆಳಿಗ್ಗೆ ಸುರಂಗದವರು ಬಂದು ಎಲೆ ನೋಡಿದರು, ಈ ಸಲ ಚಪ್ಪಲಿ ಬಿಚ್ಚಿದರು, ನೆಲ ಮುಟ್ಟಿ ಒಳಗೆ ಹೋದರು. ಬುಟ್ಟಿ ಬುಟ್ಟಿ ಮಣ್ಣು ಹೊರಗೆ ಬಿತ್ತು. ಅಮ್ಮ ದಿನಾ ನನ್ನ ಜೊತೆ ಬಂದು ಮರದ ಬುಡದಲ್ಲಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಅವರು ಸೊಂಟದವರೆಗೆ ಕೆಸರಾಗಿ ಹೊರಗೆ ಬಂದರು. ಅವರ ಹಿಂದೆಯೇ ಕೆಂಪು ನೀರು, ಸ್ವಲ್ಪ ಹೊತ್ತಿಗೆ ತಿಳಿನೀರು. ಗುಡ್ಡ ಉಳಿದದ್ದಕ್ಕೆ ನೀರೂ ಉಳಿದಿತ್ತು. ಅವರು ಅಮ್ಮನ ಎದುರು ಬಂದು ನಿಂತರು.

"ನಾನು ಕೊರೆದದ್ದು ಎಂತದೂ ಇಲ್ಲ ಅಮ್ಮ, ಮಣ್ಣು ತೆಗೆದದ್ದು ಮಾತ್ರ. ಯಜಮಾನರು ಅವತ್ತೇ ನೀರು ಮುಟ್ಟಿದ್ದರು."

ಅಮ್ಮ ಬಹಳ ಹೊತ್ತು ಆ ನೀರಿನಲ್ಲಿ ಕಾಲಿಟ್ಟು ಕೂತಳು. "ಅರ್ಧಕ್ಕೆ ಹೋದ ಅಂತ ನಾನು ಇಷ್ಟು ವರ್ಷ ಅತ್ತದ್ದು" ಎಂದಳು. ಮತ್ತೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿ, "ನನಗೂ ಒಂದು ಕೋಣೆ ಹಾಕು. ಸುರಂಗದ ಬದಿಗೆ" ಎಂದಳು.