ಫಿದೆನ್ಸಿಯೊ ಎತ್ತಿಕೊಂಡು ಬಂದ ಟರ್ಕಿಗಳು

ನನ್ನ ಮಗಳ ಮದುವೆಯೂಟದ ಮೋಲೆಗೆ, ಅಂದರೆ ಮೆಣಸಿನಕಾಯಿ, ಚಾಕೊಲೇಟು ಅರೆದು ಮಾಡುವ ಟರ್ಕಿ ಕೋಳಿ ಸಾರಿಗೆ, ಅಂಗಡಿ ಕೋಳಿ ಬಿತ್ತು. ಸಾಯುವ ತನಕ ಇದನ್ನು ಮರೆಯುವವನಲ್ಲ ನಾನು. ಬೀಗರು ಉಂಡರು, ಕೈ ತೊಳೆದರು, ಒಬ್ಬರೂ ಎರಡನೇ ಸಲ ತಟ್ಟೆ ಒಡ್ಡಲಿಲ್ಲ. ಇದಕ್ಕೆಲ್ಲ ಕಾರಣ ನನ್ನ ಕೊಂಪಾದ್ರೆ ಫಿದೆನ್ಸಿಯೊ, ಅದೇ ಮಗಳ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವನು.

ಅವನು ಪಕ್ಕದ ಊರಿನವನು. ಮೆಸ್ಕಾಲ್ ಸಾರಾಯಿ ಭಟ್ಟಿಗೆ ಕತ್ತಾಳೆ ಕಡಿಯುವುದು ಕಸುಬು. ಸುತ್ತಲಿನ ಮದುವೆಗಳಲ್ಲಿ ಟರ್ಕಿ ಕೊಯ್ಯುತ್ತಿದ್ದವನೂ ಅವನೇ. ಕೊಯ್ಯುವ ಮುಂಚೆ ಹಕ್ಕಿಗೆ ಒಂದು ಗುಟುಕು ಮೆಸ್ಕಾಲ್ ಕುಡಿಸುವುದು ನಮ್ಮ ರೂಢಿ. ಅದರ ಭಯ ಇಳಿಯುತ್ತದೆ, ಮಾಂಸವೂ ಮೆತ್ತಗಾಗುತ್ತದೆ. ಹಕ್ಕಿಗೊಂದು ಗುಟುಕು, ಫಿದೆನ್ಸಿಯೊಗೊಂದು. ದೊಡ್ಡ ಮದುವೆಗಳಲ್ಲಿ ಕೊನೆಯ ಟರ್ಕಿ ಅವನಿಗಿಂತ ನೆಟ್ಟಗೆ ನಿಂತಿರುತ್ತಿತ್ತು. ಹೆಂಡತಿ ನಿಕೊಲಾಸಾ ಸತ್ತ ಮೇಲೆ ಅವನು ಮಾತು ಬಿಟ್ಟ, ಕೆಲಸ ಬಿಡಲಿಲ್ಲ.

ಅವನ ಮಗನ ಮದುವೆಗೆ ನಾನು ನಾಲ್ಕು ಟರ್ಕಿ ಮುಯ್ಯಿ ಮಾಡಿದ್ದೆ. ನಮ್ಮ ಮನೆ ಮದುವೆಗೆ ಅವನು ಅಷ್ಟೇ ತೂಕದ ನಾಲ್ಕನ್ನು ತಂದು, ತಾನೇ ಕೊಯ್ದು ಕೊಡಬೇಕು. ಬೀಗರ ಮುಂದೆ ನನ್ನ ಮೀಸೆ ಉಳಿಯುವುದು ಅದರ ಮೇಲೆ ನಿಂತಿತ್ತು.

ಅಷ್ಟರಲ್ಲಿ ಪಟ್ಟಣದ ಯಾವುದೋ ಸಂಘದ ಹುಡುಗಿ ಬಂದು ಚಾವಡಿಯಲ್ಲಿ ಪಾಠ ಮಾಡಿದಳು. ಕೋಳಿ, ಟರ್ಕಿಗಳನ್ನು ಕಾಲು ಕಟ್ಟಿ ತಲೆಕೆಳಗೆ ನೇತುಹಾಕಬೇಡಿ, ಎದೆಗೆ ಒತ್ತಿ ಎತ್ತಿಕೊಳ್ಳಿ, ಮೆಲ್ಲಗೆ ಮಾತಾಡಿಸಿ ಎಂದಳು. ಊಟಕ್ಕೆ ಕೋಳಿ ಹಾಕಿಸಿದ್ದಳು, ಹಾಗಾಗಿ ಜನ ತುಂಬಿದ್ದರು. ನಾನು ಎದ್ದು ನಿಂತು, “ಬಸ್ಸಲ್ಲಿ ನಮ್ಮನ್ನ ಹಂಗೆ ಎತ್ಕೊಳ್ಳೋರು ಯಾರವ್ವಾ?” ಎಂದೆ. ಎಲ್ಲರೂ ನಕ್ಕರು. ಫಿದೆನ್ಸಿಯೊ ಮಾತ್ರ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ.

ಮದುವೆಯ ಬೆಳಿಗ್ಗೆ ಅವನು ಒಂದು ಟರ್ಕಿಯನ್ನು ಮಗುವಿನಂತೆ ಎತ್ತಿಕೊಂಡು ಬಂದ. ಇಳಿಸಿ, ಇನ್ನೊಂದಕ್ಕೆ ವಾಪಸ್ ನಡೆದ. ಕೊನೆಯದನ್ನು ತರುವ ಹೊತ್ತಿಗೆ ಇಗರ್ಜಿಯಲ್ಲಿ ಮದುವೆ ಮುಗಿದು ಬ್ಯಾಂಡಿನವರು ಅಂಗಳಕ್ಕೆ ಬಂದಾಗಿತ್ತು, ಸಾರು ಬರೀ ಮೆಣಸಿನಕಾಯಿ, ಚಾಕೊಲೇಟಿನಲ್ಲಿ ಕುದಿಯುತ್ತಿತ್ತು. ಫಿದೆನ್ಸಿಯೊ ನಾಲ್ಕಕ್ಕೂ ಮೆಸ್ಕಾಲ್ ಕುಡಿಸಿ, ತಾನೂ ಕುಡಿದು, ಚೂರಿ ಕೆಳಗಿಟ್ಟ.

“ಆಗಲ್ಲ ಕೊಂಪಾದ್ರೆ. ದಾರಿಯಲ್ಲಿ ಮಾತಾಡಿಸಬೇಕಲ್ಲ, ನಿಕೊಲಾಸಾ ಕಥೆ ಹೇಳ್ದೆ. ಮೊದಲ್ನೇದಕ್ಕೆ ನಮ್ಮ ಮದುವೆ ಗೊತ್ತು. ಕೊನೇದಕ್ಕೆ ಅವಳು ಸತ್ತಿದ್ದು ಗೊತ್ತು.”

“ಹಂಗಾದ್ರೆ ಸತ್ತಿದ್ದು ಗೊತ್ತಿರೋದನ್ನ ಬಿಟ್ಟು ಮಿಕ್ಕಿದ್ದು ಕೊಯ್ಯಿ, ಮಾರಾಯ.”

“ಮಧ್ಯದ್ದು ಕೊಯ್ದ್ರೆ ಅವಳು ನಕ್ಕಿದ್ದೆಲ್ಲ ಹೋಗುತ್ತೆ.”

ನನಗೆ ರಕ್ತ ನೆತ್ತಿಗೇರಿತು. ಚೂರಿ ಕಿತ್ತುಕೊಂಡು ಹತ್ತಿರದ ಟರ್ಕಿಯ ಕುತ್ತಿಗೆ ಹಿಡಿದೆ. ಅಮಲಿನಲ್ಲಿ ಅದು ತಲೆ ವಾಲಿಸಿ ನನ್ನನ್ನೇ ನೋಡಿತು.

“ಆ ಟರ್ಕಿಗೆ ನಿನ್ನ ವಿಷ್ಯಾನೂ ಹೇಳಿದ್ದೀನಿ,” ಎಂದ ಫಿದೆನ್ಸಿಯೊ.

“ಏನಂತ?”

“ನಿಕೊಲಾಸಾನ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ನೀನೇ ಅಂತ.”

ಅಂಥದ್ದನ್ನು ಕೇಳಿಸಿಕೊಂಡಿರುವ ಮುಖದ ಮುಂದೆ ಚೂರಿ ಎತ್ತುವುದು ಹೇಗೆ? ಅವನಿಗೂ ಟರ್ಕಿಗಳಿಗೂ ಸೇರಿಸಿ ಬೈದು, ಅಂಗಡಿಗೆ ಆಳು ಓಡಿಸಿದೆ. ಸಂಜೆ ಅವನು ತೂರಾಡುತ್ತ ಮನೆಗೆ ಹೊರಟರೆ ನಾಲ್ಕೂ ತೂರಾಡುತ್ತ ಅವನ ಹಿಂದೆಯೇ ಹೋದವು.

ತಂದುಕೊಟ್ಟಾಯಿತು, ಮುಯ್ಯಿ ತೀರಿತು ಎನ್ನುತ್ತಾನೆ ಅವನು. ಪಾತ್ರೆಗೆ ಬೀಳದ್ದು ಮುಯ್ಯಿಯೇ ಅಲ್ಲ ಎನ್ನುತ್ತೇನೆ ನಾನು. ಬೇಕಾದರೆ ಬಂದು ಒಯ್ಯಿ ಎಂದ. ಕಳೆದ ತಿಂಗಳು ಹೋಗಿ ಒಂದನ್ನು ಎತ್ತಿಕೊಂಡೆ. ದಾರಿ ಉದ್ದ, ಬಾಯಿ ಸುಮ್ಮನಿರಬೇಕಲ್ಲ. ಫಿದೆನ್ಸಿಯೊನನ್ನು ಬೈಯುತ್ತ ಬಂದೆ. ಬೈಗುಳ ಮುಗಿದ ಮೇಲೂ ದಾರಿ ಉಳಿದಿತ್ತು, ಮಗಳ ವಿಷಯ ತೆಗೆದೆ.

ಅದೀಗ ನಮ್ಮ ಅಂಗಳದಲ್ಲಿ ಜೋಳ ತಿನ್ನುತ್ತಿದೆ. ಮುಯ್ಯಿ ಹಾಗೇ ಇದೆ.