ಅಬ್ಬಲಿಗೆ ಬೇಕಾದ ನೆರಳು

ಒಣಗಿದ ಅಬ್ಬಲಿ ತೆನೆ ಕಂಡರೆ ನಾನು ಈಗಲೂ ಒಂದು ಕಾಯಿ ಕಿತ್ತು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಎಂಜಲು ತಾಗಿದ್ದೇ ತಡ, ಪಟ್ಟೆಂದು ಸಿಡಿಯುತ್ತದೆ. ಹಲ್ಲು ಹೋದ ಬಾಯಲ್ಲೂ ಏನೋ ಸದ್ದಾಗುತ್ತದಲ್ಲ ಎಂದು ಖುಷಿ. ಆ ಖುಷಿ ಬಹಳ ಹೊತ್ತು ನಿಲ್ಲುವುದಿಲ್ಲ.

ಕನಕಾಂಬರವೆಂದೂ ಕರೆಯುವ ಈ ಹೂವಿನ ಬೀಜ ಹಿಡಿಯುವುದನ್ನು ಕಲಿಸಿದವಳು ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಮಾಬೂಬಿ ಖಾಲಾ. ಒಣ ತೆನೆಗಳನ್ನು ಪರಾತದಲ್ಲಿ ಹರಡಿ, ನೀರು ಚಿಮುಕಿಸಿ, ಮೇಲೆ ಹಳೆಯ ಧೋತರ ಮುಚ್ಚುತ್ತಿದ್ದಳು. ಒಳಗೆ ಪಟಪಟ ಶುರುವಾಗುತ್ತಿತ್ತು. “ಗಟ್ಟಿ ಹಿಡಿಯೋ ಬೇಟಾ, ಹಾರಿಹೋದ್ರ ನಿಮ್ಮಪ್ಪ ಬಂದು ಹುಡುಕ್ತಾನೇನು?” ಎಂದು ನಗುತ್ತಿದ್ದಳು. ಆ ಬೀಜ ಅವಳ ಅಂಗಳದ ಬೇವಿನ ಬುಡಕ್ಕೆ ಹೋಗುತ್ತಿತ್ತು. ನಮ್ಮ ಕಡೆಯ ಬಿಸಿಲು ಕಲ್ಲನ್ನೂ ಬಿಡುವುದಿಲ್ಲ. ಅಬ್ಬಲಿಗೆ ಯಾರದಾದರೂ ನೆರಳು ಬೇಕು. ಅದೊಂದಿದ್ದರೆ ವರ್ಷಗಟ್ಟಲೆ ಹೂ ಕೊಡುತ್ತದೆ.

ನಿಜಾಮನ ಆಳ್ವಿಕೆ ಮುಗಿದ ವರ್ಷ ನಮ್ಮ ಊರುಗಳಲ್ಲಿ ನೆರೆಯವರೇ ನೆರೆಯವರಿಗೆ ಹೆದರುವಂತಾಯಿತು. ಸುರಪುರಕ್ಕೆ ಹೋದ ಖಾಲಾಳ ಗಂಡ ಹೆಣವಾಗಿಯೂ ಬರಲಿಲ್ಲ. ಅವಳು ಹೈದರಾಬಾದಿಗೆ, ತಂಗಿಯ ಮನೆಗೆ ಹೊರಟಳು. “ಅಬ್ಬಲಿಗೆ ನೀರು ಹಾಕ್ತಿರು. ಗದ್ದಲ ಇಳಿದ ಮ್ಯಾಲ ಬರ್ತೀನಿ,” ಎಂದಳು.

ನೀರು ಹಾಕಿದೆ, ಅದರಲ್ಲಿ ಸುಳ್ಳಿಲ್ಲ. ಮುಂದೆ ಬಂದ ಬೇಸಿಗೆಯಲ್ಲೇ ನಮ್ಮ ಮನೆಯ ತೊಲೆ ಮುರಿಯಿತು. ಪಕ್ಕದಲ್ಲಿ ಒಡತಿ ಇಲ್ಲದ ಅಂಗಳ, ನೆಟ್ಟಗಿನ ಬೇವು. ಕೊಡಲಿ ಹಿಡಿದವನು ನಾನೇ. ಕಡಿದ ಮೇಲೂ ಅಬ್ಬಲಿಗೆ ಬೆಳಿಗ್ಗೆ ಸಂಜೆ ನೀರು ಹಾಕುತ್ತಲೇ ಇದ್ದೆ. ಅಷ್ಟು ನಿಯತ್ತಿನ ಮನುಷ್ಯ! ವಾರದೊಳಗೆ ಗಿಡಗಳು ಕರಕಾದವು.

ಮರುವರ್ಷ ಖಾಲಾ ಬಂದಳು. ತನ್ನ ಅಂಗಳದ ಬಿಸಿಲಲ್ಲಿ ತುಸು ನಿಂತು, ನಮ್ಮ ಪಡಸಾಲೆಗೆ ಬಂದು ಕೂತಳು.

“ಬೇವಿನ ಗಿಡ ಎಲ್ಲೋ?”

“ಗಾಳಿಗೆ ಬಿತ್ತು, ಖಾಲಾ.”

“ನಾ ಇಲ್ಲೇ ಬಂದಿರಲ್ಯಾ? ನೀ ಹೂಂ ಅಂದ್ರ ಗಂಟು ಮೂಟಿ ತರ್ತೀನಿ.”

ಊರು ಅಷ್ಟೊತ್ತಿಗೆ ತಣ್ಣಗಾಗಿತ್ತು. ಅವಳು ಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಾನು ದಿನವೂ ಅವಳ ಮುಖ ನೋಡಬೇಕಾಗುತ್ತಿತ್ತು. “ಇನ್ನೂ ಕಾಲ ಛಲೋ ಇಲ್ಲ ಖಾಲಾ, ಅಲ್ಲೇ ಇರು,” ಎಂದೆ.

ನೀರು ಕುಡಿಯಲು ಅವಳು ತಲೆ ಎತ್ತಿದಳು. ನೆತ್ತಿಯ ಮೇಲೇ ಆ ತೊಲೆ. ಬೇವಿಗೆ ಅವಳು ಕಂದೀಲು ತೂಗುಹಾಕುತ್ತಿದ್ದ ಮೊಳೆ ಅದರಲ್ಲೇ ಇತ್ತು. ಕೀಳಲು ಹೋಗಿ ಸೋತಿದ್ದೆ. ಚೊಂಬು ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ತಂದಿದ್ದ ಅಬ್ಬಲಿ ಬೀಜವನ್ನೆಲ್ಲ ನನ್ನ ಕೈಗೆ ಸುರಿದಳು. “ನಿಮ್ಮ ಮನ್ಯಾಗ ಈಗ ನೆಳ್ಳ ಛಲೋ ಅದ. ಹಾಕ್ಕೋ,” ಎಂದಳು. ಮತ್ತೆ ಬರಲಿಲ್ಲ. ಅವಳ ಮಣ್ಣಿನ ಮನೆ ಮಳೆಗೆ ಕರಗಿತು.

ನಾನು ಅವಳ ಅಂಗಳದಲ್ಲೇ ಒಂದು ಬೇವಿನ ಸಸಿ ನೆಟ್ಟೆ. ಅದು ನೆರಳು ಕೊಡುವ ಹೊತ್ತಿಗೆ ಅವಳ ಬೀಜಗಳು ಸತ್ತಿದ್ದವು. ಅಬ್ಬಲಿ ಬೀಜ ಬಹಳ ದಿನ ಕಾಯುವುದಿಲ್ಲ. ಪಶ್ಚಾತ್ತಾಪವೊಂದೇ ಎಷ್ಟು ವರ್ಷ ಇಟ್ಟರೂ ಕೆಡದೆ ಮೊಳೆಯುವುದು. ಹತ್ತಿರದ ಸಗರ ಊರಿನಿಂದ ಬೇರೆ ಬೀಜ ತಂದು ಹಾಕಿದೆ. ಈಗ ಬುಡದ ತುಂಬ ಹೂ.

ಮೊನ್ನೆ, ಹೊಸದಾಗಿ ಮನೆಗೆ ಬಂದ ಮೊಮ್ಮಗನ ಹೆಂಡತಿ ಕೇಳಿದಳು: “ಅಜ್ಜಾರ, ಈ ಹೂ ಹರಕೊಳ್ಳಲ್ರಿ?”

“ಪಕ್ಕದ ಮನಿಯವ್ರವು. ಅವ್ರನ್ನ ಕೇಳಿ ಹರಕೋ.”

“ಪಕ್ಕದಾಗ ಮನಿನ ಇಲ್ಲಲ್ರಿ!”

“ಹೌದವಾ. ನಾನೂ ಕೇಳಬೇಕಂತ ಕುಂತೀನಿ.”

ಮುದುಕನ ಚೇಷ್ಟೆ ಎಂದುಕೊಂಡು ಅವಳು ನಕ್ಕಳು, ಉಡಿ ತುಂಬ ಹರಿದುಕೊಂಡು ಒಳಗೆ ಹೋದಳು. ನಾನು ಒಂದು ಒಣ ಕಾಯಿ ಬಾಯಿಗೆ ಹಾಕಿಕೊಂಡೆ.