ಕೈಗೆಟುಕುವಷ್ಟು ಜಾಲರಿ

ಬೆಳಗಿನ ಐದೂಮುಕ್ಕಾಲು. ಸೂರ್ಯ ಇನ್ನೂ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಪತ್ರಿಕೆಗೆ ಬರೆಯಲು ಬಂದ, ಇಂಥ ಹೊತ್ತಿನಲ್ಲಿ ಎದ್ದು ಅಭ್ಯಾಸವಿಲ್ಲದ ನಾನು ಆಕಳಿಸುತ್ತ ನಿಂತಿದ್ದರೆ, ಅರವತ್ತೆರಡು ವರ್ಷದ ಈ ಮನುಷ್ಯ ಆಗಲೇ ವರಾಂಡದ ಸೊಳ್ಳೆ ಜಾಲರಿಯನ್ನೆಲ್ಲ ಬಿಚ್ಚಿ, ಸುರುಳಿ ಸುತ್ತಿ, ಗೋಡೆಗೆ ಒರಗಿಸಿದ್ದಾರೆ. ಈಗ ಎದೆಯೆತ್ತರದ ಗಾಜನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಮೊದಲು ಮೇಲಂಚನ್ನು ಚೌಕಟ್ಟಿಗೆ ಏರಿಸಿ, ಆಮೇಲೆ ಕೆಳಗಂಚನ್ನು ಮೆಲ್ಲಗೆ ಇಳಿಸುತ್ತಾರೆ. ಉಸಿರು ಬಿಗಿಹಿಡಿದವನು ನಾನು. ಅವರು ಏನೋ ಗುನುಗುತ್ತಿದ್ದಾರೆ.

ಜನ ಅವರನ್ನು ಗಾಜಿನಣ್ಣ ಅನ್ನುತ್ತಾರೆ. ಜಾಲರಿ ಹಾಕಿದ ವರಾಂಡಗಳಿಗೆ ಗಾಜು ಕೂರಿಸುವುದೇ ಅವರ ಮೂವತ್ತೈದು ವರ್ಷದ ಕಸುಬು. ಧೂಳು ಬರುತ್ತದೆ, ಎ.ಸಿ. ಹಾಕಿಸಬೇಕು, ಒಂದು ಕೋಣೆ ಹೆಚ್ಚಾದ ಹಾಗಾಯಿತು. ಹಾಕಿಸುವವರ ಕಾರಣಗಳಿಗೇನು ಬರ! ಬೆಳಿಗ್ಗೆ ಐದರಿಂದ ಹತ್ತರವರೆಗೆ ಮಾತ್ರ ಗಾಜು ಮುಟ್ಟುತ್ತಾರೆ, ಆಮೇಲೆ ಅಂಗೈ ಚುರ್ ಅನ್ನುತ್ತದೆ. ಕೈಗಳ ಮೇಲಿನ ಗಾಯದ ಗುರುತು ಎಣಿಸಲು ಹೋಗಿ ಹತ್ತೊಂಬತ್ತಕ್ಕೆ ಕೈಬಿಟ್ಟೆ. ಎಡಗೈಗೆ ನಾನಿನ್ನೂ ಬಂದೇ ಇಲ್ಲವೆಂದು ನಕ್ಕರು.

ಒಂದೇ ವರಾಂಡವನ್ನು ಅವರು ಎರಡು ಸಲ ಅಳೆಯುತ್ತಾರೆ. ಬೆಳಗಿನ ತಂಪಿನಲ್ಲೊಮ್ಮೆ, ಮಧ್ಯಾಹ್ನ ಎರಡರ ಸುಡುಬಿಸಿಲಿನಲ್ಲೊಮ್ಮೆ. ಅಲ್ಯೂಮಿನಿಯಂ ಚೌಕಟ್ಟು ಬಿಸಿಲಿಗೆ ಹಿಗ್ಗುತ್ತದೆ. ಅದಕ್ಕೆಂದು ಒಂದೆರಡು ಮಿಲಿಮೀಟರ್ ಸಂದಿ ಬಿಡದಿದ್ದರೆ ಸರಿಸುವ ಕಿಟಕಿ ನಡುಹಗಲಲ್ಲಿ ಕಚ್ಚಿಕೊಂಡು ಕೂತುಬಿಡುತ್ತದೆ. ಕಸುಬಿಗೆ ಬಂದ ಮೊದಲ ವಾರವೇ ಕಲಿಯುವ ಪಾಠವಿದು. ಇದನ್ನು ಹೇಳುವಾಗ ಅವರ ಗುನುಗು ನಿಂತಿತು, ನಗುವೂ ಹೋಯಿತು.

ಹನ್ನೊಂದು ವರ್ಷದ ಹಿಂದಿನ ಮಾತು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವರನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವರು ಅಕ್ಕ. ಮಂಡಿನೋವಿನಿಂದ ಓಡಾಟ ನಿಂತ ಮೇಲೆ ಆಕೆಗೆ ವರಾಂಡವೇ ಪ್ರಪಂಚ. ಬೆಳಿಗ್ಗೆ ತಮ್ಮ ಎತ್ತಿ ಕುರ್ಚಿಯಲ್ಲಿ ಕೂರಿಸಿ ಹೋದರೆ, ಒಂದು ಗಂಟೆಗೆ ಊಟಕ್ಕೆ ಬಂದು ಒಳಗೆ ಕರೆದೊಯ್ಯುವತನಕ ಅಲ್ಲೇ. ಜಾಲರಿಯೊಳಗಿಂದಲೇ ತರಕಾರಿಯವಳ ಜೊತೆ ಚೌಕಾಸಿ, ಎದುರಂಗಡಿಯ ಟೈಲರ್ ಜೊತೆ ಜಗಳ, ಶಾಲೆಗೆ ಹೋಗುವ ಮಕ್ಕಳ ವಿಚಾರಣೆ. ಆದರೆ ರಸ್ತೆಯ ಧೂಳಿಗೆ ಕೆಮ್ಮು ಹಿಡಿಯಿತು. ತಮ್ಮ ಗಾಜು ಹಾಕಿದರು.

"ಎಲ್ಲರ ಮನೆಗೂ ಸಂದಿ ಬಿಡ್ತಿದ್ದೆ" ಅನ್ನುತ್ತಾರೆ. "ನಮ್ಮಕ್ಕನ ವರಾಂಡ ಅಲ್ವಾ, ಚೆಂದ ಕಾಣ್ಲಿ ಅಂತ ಕೂದಲು ತೂರದ ಹಾಗೆ ಕೂರಿಸ್ದೆ. ಬೆಳಗ್ಗೆ ಅಳತೆ, ಬೆಳಗ್ಗೇನೇ ಕೆಲಸ. ಬೆರಳಲ್ಲಿ ತಳ್ಳಿದ್ರೆ ಕಿಟಕಿ ಬೆಣ್ಣೆ ಥರ ಸರೀತಿತ್ತು. ನೋಡ್ದವರೆಲ್ಲ ಭೇಷ್ ಅಂದ್ರು."

ಬೇಸಿಗೆ ಏರಿತು. ಅದೊಂದು ದಿನ ಬೇರೆ ಕಡೆಯ ಚೌಕಟ್ಟಿನ ಕೆಲಸ ಮುಗಿಯದೆ, ಒಂದಕ್ಕೆ ಬರಬೇಕಾದವರು ನಾಲ್ಕಕ್ಕೆ ಬಂದರು. ಕುರ್ಚಿಯ ಪಕ್ಕದ ಮುಚ್ಚಿದ ಕಿಟಕಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಒಳಗೆ ಒಲೆಯ ಕಾವು. ಗಾಜಿನ ಮೇಲೆ ಅಕ್ಕನ ಬೆರಳುಗಳ ಗುರುತು. ಆಕೆ ಕೂಗಿರಬೇಕು, ರಸ್ತೆಗೆ ಕೇಳಿಸಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಜೆ ಟೈಲರ್ ಬಂದು ಗೋಡೆ ಹಿಡಿದು ನಿಂತು ಹೇಳಿದ ಮಾತನ್ನು ಗಾಜಿನಣ್ಣ ನನಗೆ ತಲೆ ಎತ್ತದೆ ಒಪ್ಪಿಸಿದರು: "ಅಕ್ಕ ಕೈ ಎತ್ತಿದ್ದು ನೋಡ್ದೆ ಕಣಣ್ಣ. ಟಾಟಾ ಮಾಡ್ತಿದ್ದಾರೆ ಅಂದ್ಕೊಂಡು ನಾನೂ ಮಾಡ್ದೆ."

ನಾನು ಬೇರೇನೋ ಬರೆಯುವವನ ಹಾಗೆ ಪುಟ ತಿರುವಿದೆ.

ತಮ್ಮ ಮನೆಯ ಗಾಜನ್ನು ಅವರು ಮರುವಾರವೇ ಕಿತ್ತರು. ಕಸುಬು ಬಿಡಲಾಗಲಿಲ್ಲ, ಬೇರೆ ಗೊತ್ತಿಲ್ಲ. ಆದರೆ ಅಂದಿನಿಂದ ಒಂದು ಷರತ್ತು. ಮನೆಯಲ್ಲಿ ಹೆಚ್ಚು ಹೊತ್ತು ಕೂರುವವರ ಕುರ್ಚಿ ಎಲ್ಲಿದೆ ಎಂದು ಮೊದಲು ಕೇಳುತ್ತಾರೆ. ಆ ಕುರ್ಚಿಯಿಂದ ಕೈಗೆಟುಕುವ ಜಾಗದಲ್ಲಿ ಒಂದು ಮೊಳ ಅಗಲ ಗಾಜಿಲ್ಲ, ಬರೀ ಜಾಲರಿ. ಕೆಲಸ ಮುಗಿದ ದಿನ, ಮಧ್ಯಾಹ್ನ ಎರಡಕ್ಕೆ, ಅವರು ರಸ್ತೆಯ ಆಚೆ ನಿಲ್ಲುತ್ತಾರೆ. ಕುರ್ಚಿಯಲ್ಲಿರುವವರು ಕಿಟಕಿ ಸರಿಸಿ, ಆಮೇಲೆ ಸಾಧಾರಣ ದನಿಯಲ್ಲಿ ಕೂಗಬೇಕು. ಕೇಳಿಸಿದರೆ ಮಾತ್ರ ಹತಾರ ಚೀಲ ಕಟ್ಟುವುದು.

ಈ ಮನೆಯಲ್ಲಿ ಆ ಕುರ್ಚಿ ಎಂಬತ್ತು ದಾಟಿದ ಅಜ್ಜಿಯದು. ಎ.ಸಿ. ಹಾಕಿಸಿ ಜಾಲರಿ ಬಿಟ್ಟರೆ ತಂಪೆಲ್ಲ ಬೀದಿಪಾಲು ಎಂದು ಮಗ ಮೊದಲ ದಿನವೇ ವಾದಿಸಿದ್ದರು. ಅದು ನ್ಯಾಯವೇ. ಗಾಜಿನಣ್ಣ ವಾದಕ್ಕಿಳಿಯದೆ ಟೇಪು ಸುತ್ತಿ ಜೇಬಿಗಿಟ್ಟು ಗೇಟಿನತನಕ ನಡೆದರು. ವಾಪಸ್ ಕರೆದದ್ದು ಅಜ್ಜಿ. ತನಗೆ ಎ.ಸಿ.ಗಿಂತ ಬೀದಿಯ ಹರಟೆಯೇ ಬೇಕೆಂದು ಮಗನಿಗೆ ಖಡಾಖಂಡಿತವಾಗಿ ಹೇಳಿದರಂತೆ.

ಈಗ ಎರಡು ಗಂಟೆ. ರಸ್ತೆ ಕಾವಲಿಯಂತೆ ಕಾದಿದೆ. ಗಾಜಿನಣ್ಣ ಆಚೆ ಬದಿಯಲ್ಲಿ ನೆರಳಿಲ್ಲದ ಕಡೆ ನಿಂತಿದ್ದಾರೆ. ಒಳಗೆ ಅಜ್ಜಿಯ ಕೈ ಕಿಟಕಿಗೆ ಬಂತು. ಅದು ಸರಿಯಿತು.

"ಏನಂತ ಕೂಗಲಪ್ಪಾ?"

"ತಮ್ಮಾ ಅನ್ನಿ, ಸಾಕು."

ಇಷ್ಟು ವರ್ಷದಲ್ಲಿ ಗಾಜು ಹಾಕಿಸಿದವರೆಲ್ಲ ಅವರನ್ನು ಹಾಗೇ ಕೂಗಿದ್ದಾರೆ. "ನನ್ನ ಆಸೆ ಏನು ಅಂತ ಕೇಳ್ತೀರಲ್ಲ, ಈ ಕೂಗು ಕೇಳಿಸ್ತಾ ಇರಬೇಕು, ಅಷ್ಟೇ" ಎಂದು ಬೆಳಿಗ್ಗೆಯೇ ನನಗೆ ಹೇಳಿದ್ದರು. ಅಜ್ಜಿ ದನಿ ಏರಿಸದೆ ಕರೆದರು. "ತಮ್ಮಾ."

ನನಗೂ ಕೇಳಿಸಿತು. ಅವರಿಗೂ ಕೇಳಿಸಿದೆ, ಮುಖ ನೋಡಿದರೇ ಗೊತ್ತು. ಅಜ್ಜಿ ಇನ್ನೊಮ್ಮೆ ಕರೆದರು.

"ಬಂದೆ ಅಕ್ಕಾ" ಅಂದರು. ಕುರ್ಚಿಯತನಕ ಇಪ್ಪತ್ತು ಹೆಜ್ಜೆಯೂ ಇಲ್ಲ, ಅವಸರವೇನೂ ಇರಲಿಲ್ಲ. ಅವರು ಓಡಿದರು.